ಹತ್ತೊಂಬತ್ತು ಒಂದುಗಳ ಗೋಡೆ

ಮರಿಯಮ್ಮನಹಳ್ಳಿಯ ಹೆದ್ದಾರಿ ಬದಿಯಲ್ಲಿ, ಒಂದು ಪಂಕ್ಚರ್ ಅಂಗಡಿಗೂ ಒಂದು ಖಾನಾವಳಿಗೂ ನಡುವೆ ಹುಲುಗಪ್ಪನ ತಗಡಿನ ಅಂಗಡಿ. ಇಪ್ಪತ್ತೈದು ವರ್ಷ ಅವನು ಅಲ್ಲಿ ಲಾರಿಗಳಿಗೆ ನಂಬರ್ ಬರೆದ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತು ಬರುವ ಲಾರಿಗಳು ಹಗಲೆಲ್ಲ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಅದು. ಕೆಂಪು ಧೂಳು ಒರೆಸಿ, ಹಳದಿ ಬಣ್ಣ ಬಳಿದು, ಅದು ಒಣಗಿದ ಮೇಲೆ ಕಪ್ಪಿನಲ್ಲಿ ನಾಲ್ಕು ಅಂಕಿ ತಿದ್ದಿ ಮುಗಿಸುವಷ್ಟರಲ್ಲಿ ಆ ನಂಬರು ಯಾವುದರಿಂದ ಭಾಗ ಹೋಗುತ್ತದೆ, ಯಾವುದರಿಂದ ಹೋಗುವುದಿಲ್ಲ ಎಂಬುದೆಲ್ಲ ಅವನಿಗೆ ಗೊತ್ತಾಗಿಬಿಡುತ್ತಿತ್ತು.

ಗೊತ್ತಾದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಒಮ್ಮೆ ಯಲ್ಲೇಶ್ ಎಂಬ ಡ್ರೈವರ್ ಹೊಸ ಲಾರಿ ತಂದು ನಿಲ್ಲಿಸಿದ. ನಂಬರು 4187. ಬರೆದು ಮುಗಿಸಿದ ಹುಲುಗಪ್ಪ ಕುಂಚ ತೊಳೆಯುತ್ತ, ನಿನ್ನ ನಂಬರ್ ಒಡೀತೈತಿ ನೋಡಪ್ಪ, ಐವತ್ತಮೂರು ಎಪ್ಪತ್ತೊಂಬತ್ತು ಅಂದ. ಯಲ್ಲೇಶನ ಮುಖ ಬಿಳಿಚಿಕೊಂಡಿತು. ಹೊಸ ಗಾಡಿ ನಿಂತ ಜಾಗದಲ್ಲೇ ಒಡೆಯುವ ಮಾತೇ ಎಂದು ಅವನು ಸೀದಾ ಗುಡಿಗೆ ಹೋಗಿ ಐದು ಕಾಯಿ ಒಡೆಸಿದ. ಹುಲುಗಪ್ಪ ಹಿಂದೆಯೇ ಓಡಿ, ಐವತ್ತಮೂರನ್ನು ಎಪ್ಪತ್ತೊಂಬತ್ತರಿಂದ ಗುಣಿಸಿದರೆ ನಿನ್ನ ನಂಬರು ಬರುತ್ತದೆ, ಅಷ್ಟೇ, ಅಪಘಾತದ ಮಾತಲ್ಲ ಎಂದು ಗುಡಿಯ ಕಟ್ಟೆಯ ಮೇಲೆ ಇದ್ದಿಲಿನಿಂದ ಬರೆದು ತೋರಿಸಬೇಕಾಯಿತು. ಅವತ್ತಿನಿಂದ ಅವನು ಒಡೆಯುವ ನಂಬರುಗಳ ಬಗ್ಗೆ ಸುಮ್ಮನಿರುವುದನ್ನು ಕಲಿತ. ಯಾವುದರಿಂದಲೂ ಭಾಗ ಹೋಗದ ನಂಬರು ಬಂದರೆ ಮಾತ್ರ, ಗಟ್ಟಿ ನಂಬರ್ ಐತಿ, ಆರಾಮಾಗಿ ಹೋಗಿ ಬಾ ಅನ್ನುತ್ತಿದ್ದ. ಅಂಥ ಡ್ರೈವರುಗಳು ಖುಷಿಯಿಂದ ಚಹಾ ಕುಡಿಸಿ ಹೋಗುತ್ತಿದ್ದರು.

ಗಟ್ಟಿ ಎಂಬ ಮಾತು ಅವನಿಗೆ ಬಂದದ್ದು ಅಪ್ಪನಿಂದ. ಅಪ್ಪ ಪಕೀರಪ್ಪ ಹಂಪಿಯ ಮಗ್ಗುಲಿನ ಕಮಲಾಪುರದಲ್ಲಿ ಕಲ್ಲು ಒಡೆಯುತ್ತಿದ್ದವನು. ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಇದು ಒಡೆಯುತ್ತದೆ, ಇದು ಗಟ್ಟಿ ಎಂದು ಹೇಳುತ್ತಿದ್ದ. ಹುಲುಗಪ್ಪ ಶಾಲೆಗೆ ಹೋದದ್ದು ಏಳನೆಯ ತರಗತಿಯವರೆಗೆ. ಆ ವರ್ಷ ಗಣಿತ ಹೇಳಿಕೊಡುತ್ತಿದ್ದ ಪಂಪಾವತಿ ಮೇಷ್ಟ್ರು ಒಂದು ದಿನ ಅವಿಭಾಜ್ಯ ಸಂಖ್ಯೆ ಎಂದರೆ ಏನೆಂದು ವಿವರಿಸಿ, ಬೋರ್ಡಿನ ಮೇಲೆ ಬರೇ ಒಂದುಗಳನ್ನು ಬರೆಯತೊಡಗಿದರು. ಎರಡು ಒಂದು ಬರೆದರೆ ಹನ್ನೊಂದು, ಅದನ್ನು ಯಾವುದೂ ಭಾಗಿಸದು. ಮೂರು ಒಂದು ಬರೆದರೆ ನೂರಾ ಹನ್ನೊಂದು. ಅದೂ ಭಾಗ ಹೋಗುವುದಿಲ್ಲ ಎಂದು ಇಡೀ ತರಗತಿ ಕೂಗಿತು. ಹಿಂದಿನ ಸಾಲಿನಲ್ಲಿದ್ದ ಹುಲುಗಪ್ಪ ಮಾತ್ರ, ಮೂರು ಮೂವತ್ತೇಳ್ಲೆ ನೂರಾ ಹನ್ನೊಂದು ಎಂದ.

ಮೇಷ್ಟ್ರು ಅವನನ್ನು ಹತ್ತಿರ ಕರೆದು ಭುಜದ ಮೇಲೆ ಕೈಯಿಟ್ಟರು. "ಹಿಂಗ ಒಂದು ಬರಕೋಂತ ಹೋದ್ರ, ಹನ್ನೊಂದು ಬಿಟ್ಟು ಇನ್ನೊಂದು ಗಟ್ಟಿ ಸಂಖ್ಯೆ ಸಿಗತೈತೋ ಇಲ್ಲೋ, ನನಗೂ ಗೊತ್ತಿಲ್ಲ ನೋಡು. ನಿನಗ ತಿಳೀತಂದ್ರ ನನಗೂ ಹೇಳು" ಎಂದರು.

ಮರುವರ್ಷ ಮೇಷ್ಟ್ರಿಗೆ ವರ್ಗವಾಯಿತು. ಹುಲುಗಪ್ಪ ಶಾಲೆ ಬಿಟ್ಟು ಹೊಸಪೇಟೆಯಲ್ಲಿ ಬೋರ್ಡ್ ಬರೆಯುವವರೊಬ್ಬರ ಕೈಕೆಳಗೆ ಸೇರಿದ. ಪ್ರಶ್ನೆ ಮಾತ್ರ ಅವನ ಜೊತೆಗೇ ಉಳಿಯಿತು.

ಮೊದಲು ತಿಳಿದದ್ದು ಸುಲಭದ ಸಂಗತಿ. ಒಂದುಗಳನ್ನು ಸಮನಾದ ಗುಂಪು ಮಾಡಲು ಬಂದರೆ ಆ ಸಂಖ್ಯೆ ಕೆಟ್ಟಿತು. ಆರು ಒಂದು ಇದ್ದರೆ ಮೂರು ಮೂರರ ಎರಡು ಗುಂಪು. ಹಾಗಾಗಿ ನೂರಾ ಹನ್ನೊಂದು ಅದರಲ್ಲಿ ಶೇಷವಿಲ್ಲದೆ ಹೋಗುತ್ತದೆ. ಅಂದಮೇಲೆ ಗುಂಪಾಗದಷ್ಟು ಒಂದುಗಳಿದ್ದರೆ ಮಾತ್ರ, ಅಂದರೆ ಐದು, ಏಳು, ಹನ್ನೊಂದು, ಹದಿಮೂರು ಹೀಗೆ ಎಣಿಕೆಯೇ ಅವಿಭಾಜ್ಯವಾಗಿದ್ದರೆ ಮಾತ್ರ ಆಸೆ. ಐದು ಒಂದನ್ನು ಒಡೆಯುವ ಸಂಖ್ಯೆ ಹುಡುಕಲು ಅವನಿಗೆ ಎರಡು ದಿನ ಸಾಕಾಯಿತು. ನಲವತ್ತೊಂದು ಇನ್ನೂರ ಎಪ್ಪತ್ತೊಂದಲೆ ಹನ್ನೊಂದು ಸಾವಿರದ ನೂರಾ ಹನ್ನೊಂದು. ಏಳು ಒಂದಕ್ಕೆ ಹನ್ನೊಂದು ದಿನ ಬೇಕಾಯಿತು. ಕೊನೆಗೆ 239 ಅದರಲ್ಲಿ ಸರಿಯಾಗಿ 4649 ಸಲ ಹೋಯಿತು. ಹದಿಮೂರು ಒಂದು ನೋಡಲು ಭಯಂಕರವಾಗಿದ್ದರೂ ಬರೇ ಐವತ್ತಮೂರಕ್ಕೇ ಒಡೆಯಿತು, ಎಪ್ಪತ್ತೊಂಬತ್ತಕ್ಕೂ ಒಡೆಯಿತು.

ಇಷ್ಟಾದ ಮೇಲೆ ಒಂದು ಮಧ್ಯಾಹ್ನ ಅವನು ಲೆಕ್ಕ ಬರೆದಿಡುತ್ತಿದ್ದ ನೋಟ್ ಪುಸ್ತಕ ತೆರೆದು, ಸಿಕ್ಕ ಸಂಖ್ಯೆಗಳನ್ನೆಲ್ಲ ಒಂದರ ಕೆಳಗೊಂದು ಬರೆದು ಸುಮ್ಮನೆ ನೋಡುತ್ತ ಕೂತ. ನಲವತ್ತೊಂದರಲ್ಲಿ ಒಂದು ಕಳೆದರೆ ನಲವತ್ತು, ಅದು ಐದರಿಂದ ಭಾಗ ಹೋಗುತ್ತದೆ. ಇನ್ನೂರ ಎಪ್ಪತ್ತೂ ಹೋಗುತ್ತದೆ. ಏಳು ಒಂದನ್ನು ಒಡೆದ 239ರಲ್ಲಿ ಒಂದು ಕಳೆದರೆ 238. ಅದು ಏಳರಿಂದ ಹೋಗುತ್ತದೆ, 4648 ಕೂಡ ಹೋಗುತ್ತದೆ. ಹದಿಮೂರಕ್ಕೆ ಐವತ್ತೆರಡು, ಎಪ್ಪತ್ತೆಂಟು. ಒಂದುಗಳ ಎಣಿಕೆ ಎಷ್ಟೋ, ಒಡೆಯುವ ಸಂಖ್ಯೆಯಲ್ಲಿ ಒಂದು ಕಳೆದರೆ ಅದು ಅಷ್ಟರಿಂದಲೇ ಭಾಗ ಹೋಗಬೇಕು. ನೂರಾ ಹನ್ನೊಂದನ್ನು ಒಡೆಯುವ ಮೂರು ಒಂದೇ ಈ ಮಾತಿಗೆ ಹೊರಗೆ ಉಳಿಯಿತು. ಯಾಕೆ ಹೀಗೆ ಎಂಬುದು ಅವನಿಗೆ ತಿಳಿಯಲಿಲ್ಲ. ಬೇರೆಲ್ಲೂ ತಪ್ಪಿದ್ದೂ ಕಾಣಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಲಾರಿ ಡ್ರೈವರುಗಳನ್ನು ಬಿಟ್ಟರೆ ಅವನಿಗೆ ಗೊತ್ತಿದ್ದವರು ಬಣ್ಣದಂಗಡಿಯವರು.

ಹನ್ನೊಂದು ಒಂದು ಮಾತ್ರ ಉಳಿದುಕೊಂಡಿತ್ತು. ಗಣಿಗಾರಿಕೆ ನಿಂತ ವರ್ಷ ಲಾರಿಗಳು ರಸ್ತೆ ಬದಿಯಲ್ಲಿ ಜಾಲಿ ಬೆಳೆಸಿಕೊಂಡು ನಿಂತಾಗ ಹುಲುಗಪ್ಪನಿಗೆ ಬೇಕಾದಷ್ಟು ಬಿಡುವು ಸಿಕ್ಕಿತು. ಅಂಗಡಿಯ ಕ್ಯಾಲ್ಕುಲೇಟರು ಎಂಟು ಅಂಕಿಗಿಂತ ಹೆಚ್ಚು ಹಿಡಿಯದು, ಆದ್ದರಿಂದ ಕೈಲೆಕ್ಕವೇ ಗತಿ. ತಾನು ಕಂಡುಕೊಂಡ ನಿಯಮದ ಪ್ರಕಾರ ಹನ್ನೊಂದರ ಮಗ್ಗಿಗೆ ಒಂದು ಕೂಡಿಸಿದ ಸಂಖ್ಯೆಗಳನ್ನಷ್ಟೇ ನೋಡಬೇಕು, ಅದರಲ್ಲೂ ಸರಿಸಂಖ್ಯೆಗಳನ್ನು ಬಿಡಬೇಕು. ಅಂದರೆ ಇಪ್ಪತ್ತಮೂರರಿಂದ ಶುರು ಮಾಡಿ ಇಪ್ಪತ್ತೆರಡು ಇಪ್ಪತ್ತೆರಡು ಕೂಡಿಸುತ್ತ ಹೋಗುವುದು. ಕೂಡಿಸುವ ಕೆಲಸವನ್ನು ಹೆಂಡತಿ ಗಾಳೆಮ್ಮ ವಹಿಸಿಕೊಂಡಳು. ಎಮ್ಮಿಗನೂರಿನ ಗದ್ದೆಗಳಲ್ಲಿ ನಾಟಿ ಹಚ್ಚಿ ಬೆಳೆದವಳು. ಅಕ್ಷರ ಬಾರದು, ಆದರೆ ಕೂಡುವ ಲೆಕ್ಕದಲ್ಲಿ ತಪ್ಪಿದವಳಲ್ಲ. ಶೇಂಗಾ ಸುಲಿಯುತ್ತ ಅವಳು ಸಂಖ್ಯೆ ಹೇಳುವಳು, ಮೂರರಿಂದ, ಐದರಿಂದ, ಏಳರಿಂದ ಹೋಗುವಂಥದ್ದಾದರೆ ಅವನು ಕೈಬೀಸಿ ದಾಟಿಸುವನು. ಉಳಿದದ್ದರಿಂದ ಹನ್ನೊಂದು ಒಂದನ್ನು ಭಾಗಿಸಿ ನೋಡುವನು. ದಿನಕ್ಕೆ ಮೂರೋ ನಾಲ್ಕೋ. ಯುಗಾದಿಯ ನಂತರ ಶುರುವಾದದ್ದು ಮಹಾನವಮಿ ಹತ್ತಿರ ಬಂದರೂ ಮುಗಿಯಲಿಲ್ಲ. ಅವಳು ಬೇಸರವಿಲ್ಲದೆ ಇಪ್ಪತ್ತೊಂದು ಸಾವಿರ ದಾಟಿದಳು.

"ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು" ಎಂದಳು ಒಂದು ಮಧ್ಯಾಹ್ನ.

ಹುಲುಗಪ್ಪ ಭಾಗಿಸಿದ. ಶೇಷ ಸೊನ್ನೆ ಬಂತು. ತಪ್ಪಾಗಿರಬೇಕೆಂದು ಇನ್ನೊಮ್ಮೆ ಭಾಗಿಸಿದ, ಸೊನ್ನೆಯೇ ಬಂತು. ಆಮೇಲೆ ತಿರುಗಿಸಿ, 21649ನ್ನು 513239ರಿಂದ ಗುಣಿಸಿದ. ಹನ್ನೊಂದು ಒಂದುಗಳು ಸೈನಿಕರ ಹಾಗೆ ಸಾಲಾಗಿ ಬಂದು ನಿಂತವು. ಅವನು ಪುಸ್ತಕವನ್ನು ಹೆಂಡತಿಯ ಕಡೆ ತಿರುಗಿಸಿದ. ಅವಳು ಉತ್ತರದ ಸಾಲಿನ ಮೇಲೆ ಬೆರಳಿಟ್ಟು ಒಂದೊಂದನ್ನೇ ಎಣಿಸಿ, ಹನ್ನೊಂದೂ ಅದಾವ ಎಂದಳು. ಆ ಸಂಜೆ ಅವಳು ಹೋಳಿಗೆ ಮಾಡಿದಳು. ಹಬ್ಬ ಇನ್ನೂ ಆರು ದಿನ ಇತ್ತು.

ಹದಿನೇಳು ಒಂದು ಮಾತ್ರ ಅವರನ್ನು ಸೋಲಿಸಿತು. ನಲವತ್ತು ಸಾವಿರದವರೆಗೆ ಹೋಗಿ ನೋಡಿದರು, ಏನೂ ಸಿಗಲಿಲ್ಲ. ಗಣಿ ಮತ್ತೆ ಶುರುವಾಯಿತು, ಲಾರಿಗಳು ಬಂದವು, ಪುಸ್ತಕ ಟ್ರಂಕು ಸೇರಿತು. ಹದಿನೇಳೇ ಆ ಗಟ್ಟಿ ಸಂಖ್ಯೆಯೋ ಏನೋ ಎಂಬ ಅನುಮಾನ ಹುಲುಗಪ್ಪನಿಗೆ ಉಳಿದೇಹೋಯಿತು.

ಕೆಲವು ವರ್ಷಗಳ ಮೇಲೆ ಕಾರ್ಖಾನೆಯಿಂದಲೇ ಅಚ್ಚಾಗಿ ಬರುವ ನಂಬರ್ ಪ್ಲೇಟುಗಳು ಕಡ್ಡಾಯವಾದವು. ಹುಲುಗಪ್ಪ ಅಳುತ್ತ ಕೂರಲಿಲ್ಲ, ಗೋಡೆ ಬರಹಕ್ಕೆ ಇಳಿದ. ಅವನ ಅಕ್ಷರ ದುಂಡಗಿತ್ತು, ಮಾತಿಗೆ ತಪ್ಪುತ್ತಿರಲಿಲ್ಲ. ಶಾಲೆಗಳು, ಆಸ್ಪತ್ರೆಗಳು, ಬಸ್ ನಿಲ್ದಾಣಗಳು ಅವನನ್ನು ಕರೆದವು. ಹೋದ ಡಿಸೆಂಬರಿನಲ್ಲಿ ಸಂಡೂರು ರಸ್ತೆಯ ಒಂದು ಕಾಲೇಜಿನಿಂದ ಕರೆ ಬಂತು. ಇಪ್ಪತ್ತೆರಡಕ್ಕೆ ಗಣಿತ ದಿನ, ಅಷ್ಟರೊಳಗೆ ಮುಂಗೋಡೆಯ ಮೇಲೆ ಒಂದು ಸಂಖ್ಯೆ ಬರೆಯಬೇಕು. ಸುತ್ತಲಿನ ಕಾಲೇಜುಗಳಿಂದ ಜನ ಬರುತ್ತಾರೆ.

ಇಪ್ಪತ್ತನೆಯ ತಾರೀಕು ಬೆಳಿಗ್ಗೆ ಹುಲುಗಪ್ಪ ಡಬ್ಬಿ ಕುಂಚಗಳೊಂದಿಗೆ ಹೋದಾಗ, ಕಟ್ಟಡಗಳ ಉಸ್ತುವಾರಿ ನೋಡುವ ಹನುಮೇಶ್ ಅವನ ಕೈಗೆ ಒಂದು ಅಚ್ಚಿನ ಹಾಳೆ ಕೊಟ್ಟ. ಗಣಿತ ಹೇಳುವ ಪಲ್ಲವಿ ಮೇಡಂ ಕೊಟ್ಟು ಹೋದದ್ದು, ಅವರು ಪರೀಕ್ಷೆ ಕೆಲಸದ ಮೇಲೆ ಕಂಪ್ಲಿಗೆ ಹೋಗಿದ್ದಾರೆ ಎಂದ. ಹಾಳೆಯ ತುಂಬ ಬರೇ ಒಂದುಗಳಿದ್ದವು. ಹುಲುಗಪ್ಪ ಎಣಿಸಿದ. ಇಪ್ಪತ್ತಮೂರು. ಕೆಳಗೆ ಇನ್ನೊಂದು ಸಾಲು: "ಈ ಸಂಖ್ಯೆ ಅವಿಭಾಜ್ಯ."

ಅವನು ಡಬ್ಬಿ ಕೆಳಗಿಟ್ಟು ಅಲ್ಲೇ ಗೋಡೆಗೆ ಒರಗಿ ಕೂತ. ಹನುಮೇಶ್ ಗಾಬರಿಯಾಗಿ ನೀರು ತರಿಸಲೇ ಎಂದು ಕೇಳಿದ. ಹುಲುಗಪ್ಪ ಬೇಡವೆಂದು ತಲೆಯಾಡಿಸಿದ. ಏಳನೆಯ ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ನಲವತ್ತು ವರ್ಷದ ಮೇಲೆ ಒಂದು ಹಾಳೆಯಲ್ಲಿ ಉತ್ತರ ಬಂದಿತ್ತು. ಇದೆ. ಹನ್ನೊಂದು ಬಿಟ್ಟು ಇನ್ನೊಂದು ಇದೆ. ಅದು ಇಪ್ಪತ್ತಮೂರರಲ್ಲಿದೆ. ಇಷ್ಟು ದಿನ ಅವನು ಹದಿನೇಳರ ಹತ್ತಿರವೇ ನಿಂತುಬಿಟ್ಟಿದ್ದ.

ಎದ್ದು ಗೋಡೆ ನೋಡಿದಾಗ ತೊಂದರೆ ಕಣ್ಣಿಗೆ ಬಿತ್ತು. ಹೊಸದಾಗಿ ಕಟ್ಟಿದ ಗೋಡೆಯಲ್ಲಿ ಒಂದೊಂದು ಅಂಕಿಗೆ ಒಂದೊಂದರಂತೆ ಆಳುದ್ದದ ಚೌಕಟ್ಟುಗಳನ್ನು ತೆಗೆದಿದ್ದರು. ಅವು ಇಪ್ಪತ್ತಮೂರು ಇರಬೇಕಿತ್ತು. ಗೇಟು ಅಗಲ ಮಾಡುವಾಗ ಗುತ್ತಿಗೆದಾರ ಎರಡನ್ನು ನುಂಗಿಹಾಕಿದ್ದ. ಇಪ್ಪತ್ತೊಂದೇ ಇದ್ದವು. ಹುಲುಗಪ್ಪ ಎರಡು ಸಲ ಎಣಿಸಿ ಹನುಮೇಶನನ್ನು ಕರೆದ. ಹನುಮೇಶ್ ಎಣಿಸಿ, ಪಲ್ಲವಿಗೆ ಫೋನ್ ಹಚ್ಚಿದ, ಅದು ಸ್ವಿಚ್ ಆಫ್ ಆಗಿತ್ತು. ಅವನು ಕೆಟ್ಟ ಮನುಷ್ಯನಲ್ಲ. ಶಾಮಿಯಾನ, ಕುರ್ಚಿ, ಊಟ ಎಲ್ಲವೂ ಅವನ ತಲೆಯ ಮೇಲೆಯೇ ಇದ್ದವು.

"ಇಪ್ಪತ್ತೊಂದ ಬರದ್ಬಿಡ್ರಿ. ಒಂದು ಒಂದೇ ಅಲ್ಲೇನ್ರಿ, ಯಾರ್ ಎಣಸ್ತಾರ?"

"ಯಾರೂ ಎಣಸಂಗಿಲ್ರಿ" ಎಂದ ಹುಲುಗಪ್ಪ. "ಆದ್ರ ಕೆಳಗ ಅವಿಭಾಜ್ಯ ಅಂತ ನಾನ ಬರೀಬೇಕಲ್ರಿ. ಇಪ್ಪತ್ತೊಂದು ಬರದ್ರ ಅದು ಭಾಗ ಹೋಗತೈತಿ. ಸುಳ್ಳು ಬರಿಯೂದು ಬ್ಯಾಡ್ರಿ."

ಹನುಮೇಶ್ ಮೊದಲು ನಕ್ಕ, ಆಮೇಲೆ ಬೇಡಿಕೊಂಡ, ಆಮೇಲೆ ಬೇರೆ ಪೇಂಟರನ್ನು ಕರೆಸುತ್ತೇನೆ ಎಂದ. ಕರೆಸಿರಿ, ಆದರೆ ಅವರಿಗೂ ಇದನ್ನೇ ಹೇಳಿ ಹೋಗುತ್ತೇನೆ ಎಂದು ಹುಲುಗಪ್ಪ ಕದಲದೆ ನಿಂತ. ಮಾತಿಗೆ ಮಾತು ಬೆಳೆದು, ಹುಡುಗ ಹುಡುಗಿಯರು ತರಗತಿ ಬಿಟ್ಟು ಬಂದು ಗುಂಪುಗೂಡಿದರು. ಗದ್ದಲ ಕೇಳಿ ಪ್ರಿನ್ಸಿಪಾಲರು ಹೊರಗೆ ಬಂದರು. ಅವರು ಇತಿಹಾಸ ಓದಿದವರು. ಏನು ವಿಷಯ ಎಂದು ಹನುಮೇಶನನ್ನು ಕೇಳದೆ ಹುಲುಗಪ್ಪನನ್ನೇ ಕೇಳಿದರು.

ಅವನು ಜೇಬಿನಿಂದ ಸೀಮೆಸುಣ್ಣ ತೆಗೆದ. ಖಾಲಿ ಚೌಕಟ್ಟುಗಳಲ್ಲಿ ಒಂದೊಂದು ಒಂದನ್ನು ಎಳೆಯುತ್ತ ಗೋಡೆಯ ಕೊನೆಯವರೆಗೆ ಹೋದ. ತಿರುಗಿ ಬರುತ್ತ ಮೂರು ಮೂರಕ್ಕೊಂದು ಗೆರೆ ಕೆಳಗೆ ಹಾಕಿದ. ಏಳು ಗುಂಪುಗಳಾದವು. ಪ್ರತಿ ಗುಂಪೂ ನೂರಾ ಹನ್ನೊಂದು. ಹಾಗಾಗಿ ನೂರಾ ಹನ್ನೊಂದು ಇಡೀ ಸಂಖ್ಯೆಯಲ್ಲಿ ಶೇಷವಿಲ್ಲದೆ ಹೋಗುತ್ತದೆ, ಅದರೊಳಗಿನ ಮೂರೂ ಮೂವತ್ತೇಳೂ ಹೋಗುತ್ತವೆ ಎಂದು ತೋರಿಸಿದ. ಒಂದು ಕಮ್ಮಿ ಮಾಡಿ ಇಪ್ಪತ್ತು ಮಾಡಿದರೆ ಎರಡೆರಡರ ಗುಂಪಾಗಿ ಹನ್ನೊಂದು ಹೋಗುತ್ತದೆ. ಹೆಚ್ಚಿಗೆ ಒಂದನ್ನು ಎಲ್ಲೋ ತುರುಕಿ ಇಪ್ಪತ್ತೆರಡು ಮಾಡಿದರೂ ಅದೇ ಗತಿ.

ಪ್ರಿನ್ಸಿಪಾಲರು ಗೋಡೆಯುದ್ದಕ್ಕೂ ನಡೆದು ಗುಂಪುಗಳನ್ನು ಎಣಿಸಿದರು. ನನಗೇ ಅರ್ಥವಾಯಿತಲ್ಲ ಎಂದು ಅವರು ತಮ್ಮಷ್ಟಕ್ಕೇ ಅಂದುಕೊಂಡದ್ದು ಎಲ್ಲರಿಗೂ ಕೇಳಿಸಿತು. ಪಲ್ಲವಿ ಬರುವವರೆಗೆ ಒಂದು ತೊಟ್ಟು ಬಣ್ಣವೂ ಗೋಡೆಗೆ ತಾಗಬಾರದೆಂದು ಹೇಳಿ, ಹುಲುಗಪ್ಪನಿಗೆ ಕುರ್ಚಿ ಹಾಕಿಸಿದರು.

ಪಲ್ಲವಿ ಮಧ್ಯಾಹ್ನ ಎರಡಕ್ಕೆ ಕಂಪ್ಲಿ ಬಸ್ಸಿಳಿದು, ಗೋಡೆ ನೋಡುತ್ತಲೇ ನಡೆದು ಬಂದಳು. ಕಂಪ್ಲಿಯ ಕೂಲಿಯವರ ಮನೆಯ ಹುಡುಗಿ, ಇನ್ನೂ ಮೂವತ್ತಾಗಿರಲಿಲ್ಲ, ಬಿಡುವಿದ್ದಾಗಲೆಲ್ಲ ಸಂಖ್ಯೆಗಳ ಪುಸ್ತಕ ಹಿಡಿದೇ ಕೂರುವವಳು. ಸೀಮೆಸುಣ್ಣದ ಗೆರೆಗಳನ್ನು ನೋಡಿ ಯಾರು ಹಾಕಿದ್ದು ಎಂದು ಕೇಳಿದಳು. ಹುಡುಗಿಯರು ಕುರ್ಚಿಯ ಕಡೆ ತೋರಿಸಿದರು.

ಹುಲುಗಪ್ಪ ಎದ್ದು ನಿಂತು ಮೊದಲು ಕೇಳಿದ್ದು ಒಂದೇ ಮಾತು. "ಇಪ್ಪತ್ತಮೂರು ಒಂದು ಖರೇನ ಗಟ್ಟಿ ಐತೇನ್ರಿ ಮೇಡಂ? ಯಾರರ ನೋಡ್ಯಾರ?"

ನೋಡಿದ್ದಾರೆ, ಸಾಧಿಸಿಯೂ ತೋರಿಸಿದ್ದಾರೆ ಎಂದಳು ಅವಳು. ಹುಲುಗಪ್ಪ ಗೋಡೆಯ ಕಡೆ ತಿರುಗಿದ. ಆಮೇಲೆ, ಚೌಕಟ್ಟಿನ ತೊಂದರೆಗೆ ತನಗೊಂದು ದಾರಿ ಕಾಣುತ್ತದೆ, ಆದರೆ ಪಕ್ಕಾ ಹೇಳಲಾರೆ ಎಂದ. ಹತ್ತೊಂಬತ್ತು ಒಂದು ಬರೆದರೆ ಅದು ಗುಂಪಾಗುವುದಿಲ್ಲ. ಭಾಗ ಹೋಗುವುದಿಲ್ಲವೆಂದು ಅಷ್ಟರಿಂದಲೇ ಹೇಳಲು ಬಾರದು. ಐದು, ಏಳು, ಹನ್ನೊಂದು, ಹದಿಮೂರು ಎಲ್ಲವೂ ಹೀಗೇ ಗುಂಪಾಗದವು, ಆದರೂ ಒಡೆದವು.

"ಹನ್ನೊಂದು ನಿಮಗ ಹ್ಯಾಂಗ ಗೊತ್ತು?" ಎಂದಳು ಪಲ್ಲವಿ.

ಹುಲುಗಪ್ಪ ಹನ್ನೊಂದರ ಎರಡೂ ತುಂಡುಗಳನ್ನು ಬಾಯಲ್ಲೇ ಹೇಳಿದ. ಗಾಳೆಮ್ಮ ಇಪ್ಪತ್ತೆರಡು ಕೂಡಿಸುತ್ತ ಹೋದದ್ದನ್ನೂ, ಯುಗಾದಿಯಿಂದ ಮಹಾನವಮಿಯವರೆಗೆ ಹಿಡಿದದ್ದನ್ನೂ ಹೇಳಿದ. ಪಲ್ಲವಿ ಬ್ಯಾಗನ್ನು ನೆಲದ ಮೇಲಿಟ್ಟಳು. ಇಪ್ಪತ್ತೆರಡೇ ಯಾಕೆ ಎಂದು ನಿಧಾನವಾಗಿ ಕೇಳಿದಳು. ಒಂದು ಕಳೆದರೆ ಎಣಿಕೆಯಿಂದ ಭಾಗ ಹೋಗಬೇಕು ಎಂಬ ತನ್ನ ನಿಯಮವನ್ನು ಅವನು ವಿವರಿಸಿದ. ಕಾರಣ ಮಾತ್ರ ಗೊತ್ತಿಲ್ಲ, ಐದಾರು ಕಡೆ ನೋಡಿ ನಂಬಿಕೊಂಡದ್ದು, ಮುಂದೆ ಎಲ್ಲಾದರೂ ತಪ್ಪಲೂಬಹುದು ಎಂದ.

"ತಪ್ಪಂಗಿಲ್ರಿ" ಎಂದಳು ಪಲ್ಲವಿ. "ಅದಕ್ಕ ಪ್ರಮಾಣ ಐತಿ. ನಾನು ಎಂ.ಎಸ್ಸಿ.ಯೊಳಗ ಪುಸ್ತಕ ನೋಡಿ ಕಲ್ತೀನಿ. ನೀವು ಪುಸ್ತಕ ಇಲ್ದ ಕಂಡ್ಕೊಂಡೀರಿ."

ಹತ್ತೊಂಬತ್ತು ಒಂದು ಗಟ್ಟಿಯೇ ಎಂದೂ ಅವಳು ಹೇಳಿದಳು. ಹನ್ನೊಂದರ ನಂತರ ಬರುವ ಮೊದಲ ಗಟ್ಟಿ ಅದೇ. ಕಂಪ್ಯೂಟರಿಲ್ಲದ ಕಾಲದಲ್ಲಿ, ನೂರು ವರ್ಷದ ಹಿಂದೆ, ಕೈಲೆಕ್ಕದಲ್ಲೇ ಒಬ್ಬರು ಅದನ್ನು ಸಾಧಿಸಿದ್ದರು. ಕೈಲೆಕ್ಕ ಎಂಬ ಮಾತಿಗೆ ಹುಲುಗಪ್ಪ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಹಾಗಾದರೆ ಹದಿನೇಳು ಎಂದು ಕೇಳಿದ. ತಾನೂ ಹೆಂಡತಿಯೂ ನಲವತ್ತು ಸಾವಿರದವರೆಗೆ ನೋಡಿ ಸೋತದ್ದು ಎಂದ.

ಪಲ್ಲವಿ ಲ್ಯಾಪ್‌ಟಾಪ್ ತೆರೆದು ನೋಡಿದಳು. ಹದಿನೇಳು ಒಂದನ್ನು ಒಡೆಯುವ ಅತಿ ಚಿಕ್ಕ ಸಂಖ್ಯೆ ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ತಮೂರು ಎಂದು ಓದಿದಳು.

ಹುಲುಗಪ್ಪ ಗೋಡೆಗೆ ತಿರುಗಿ ಅದನ್ನು ಬರೆದುಕೊಂಡ: 2071723. ಕೆಳಗೆ ಒಂದು ಕಳೆದ. ಹದಿನೇಳರಿಂದ ಭಾಗಿಸಲು ಶುರು ಮಾಡಿದ. ಇಪ್ಪತ್ತರಲ್ಲಿ ಒಂದು ಸಲ, ಉಳಿದದ್ದು ಮೂರು. ಮೂವತ್ತೇಳರಲ್ಲಿ ಎರಡು ಸಲ. ಹಿಂದೆ ನಿಂತಿದ್ದ ಹುಡುಗರು ಅವನ ಜೊತೆಗೇ ಬಾಯಲ್ಲಿ ಮಗ್ಗಿ ಹೇಳತೊಡಗಿದರು. ಕೊನೆಗೆ ನೂರಾ ಎರಡು ಉಳಿಯಿತು, ಹದಿನೇಳು ಆರಲೆ ನೂರಾ ಎರಡು. ಶೇಷ ಸೊನ್ನೆ. ಉತ್ತರ 121866.

ಹೆಸರೂ ಕೇಳಿರದ, ಎಂದೂ ಕಂಡಿರದ ಇಪ್ಪತ್ತು ಲಕ್ಷದ ಆ ಸಂಖ್ಯೆ ಅವನ ನಿಯಮಕ್ಕೆ ಬದ್ಧವಾಗಿತ್ತು. ಹುಲುಗಪ್ಪ ಸೊನ್ನೆಯ ಸುತ್ತ ಒಂದು ದೊಡ್ಡ ವೃತ್ತ ಎಳೆದ. ಅವನಿಗೆ ನಗು ಬಂತು, ತಡೆಯಲಾಗಲಿಲ್ಲ. ಹುಡುಗರು ಚಪ್ಪಾಳೆ ಹೊಡೆದರು. ಹನುಮೇಶ್ ಎಲ್ಲರಿಗಿಂತ ಜೋರಾಗಿ ಹೊಡೆದ.

ಹತ್ತೊಂಬತ್ತು ಚೌಕಟ್ಟುಗಳಲ್ಲಿ ಹತ್ತೊಂಬತ್ತು ಒಂದು ಬರೆಯುವುದೆಂದು ಅಲ್ಲೇ ತೀರ್ಮಾನವಾಯಿತು. ಉಳಿದ ಎರಡರಲ್ಲಿ ಮೊದಲನೆಯದಕ್ಕೆ ಅವಿಭಾಜ್ಯ ಸಂಖ್ಯೆ ಎಂಬ ಮಾತು. ಕೊನೆಯದರಲ್ಲಿ ಏನು ಎಂದು ಹನುಮೇಶ್ ಕೇಳಿದಾಗ, ಹನ್ನೊಂದು ಒಂದುಗಳೂ ಅದರ ಎರಡು ತುಂಡುಗಳೂ ಇರಲಿ, ಕೆಳಗೆ ಕಂಡುಹಿಡಿದವರ ಹೆಸರಿರಲಿ ಎಂದರು ಪ್ರಿನ್ಸಿಪಾಲರು. ಲೋಕಕ್ಕೆ ಇದು ಮೊದಲೇ ಗೊತ್ತಿತ್ತು ಎಂದು ಪಲ್ಲವಿ ಮೆಲ್ಲನೆ ಹೇಳಿದಳು. ಹಾಗಾದರೆ ತಾವೇ ಸ್ವಂತವಾಗಿ ಕಂಡುಕೊಂಡವರು ಎಂದು ಬರೆಸಿ, ಅದು ಸುಳ್ಳಲ್ಲವಲ್ಲ ಎಂದರು ಪ್ರಿನ್ಸಿಪಾಲರು. ಹುಲುಗಪ್ಪ ಎರಡು ದಿನ ದುಡಿದ. ಕೊನೆಯ ಚೌಕಟ್ಟಿನಲ್ಲಿ ಹೆಸರು ಬರೆಯುವಾಗ ಗಾಳೆಮ್ಮನದನ್ನು ಮೊದಲು ಬರೆದ, ತನ್ನದನ್ನು ಆಮೇಲೆ.

ಗಣಿತ ದಿನದಂದು ಗಾಳೆಮ್ಮ ಹಸಿರು ಇಳಕಲ್ ಸೀರೆ ಉಟ್ಟು ಬಂದಳು. ಗೋಡೆಯ ಮುಂದೆ ನಿಂತು, ಇದರಲ್ಲಿ ನನ್ನ ಹೆಸರು ಯಾವುದು ಎಂದು ಗಂಡನನ್ನು ಕೇಳಿ, ತೋರಿಸಿದ ಮೇಲೆ ಬಹಳ ಹೊತ್ತು ನೋಡಿದಳು. ವೇದಿಕೆಯ ಮೇಲೆ ಹುಲುಗಪ್ಪನಿಗೂ ಅವಳಿಗೂ ಕುರ್ಚಿ ಇಟ್ಟಿದ್ದರು. ಬೇರೆ ಕಾಲೇಜಿನಿಂದ ಅತಿಥಿಯಾಗಿ ಬಂದಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರಿಗೆ ಪೇಂಟರ್ ವೇದಿಕೆಯಲ್ಲಿ ಕೂತದ್ದು ಅಷ್ಟು ಹಿಡಿಸಿದಂತಿರಲಿಲ್ಲ. ಕಂಠಪಾಠ ಮಾಡಿದ ಸಂಖ್ಯೆಗಳನ್ನು ಯಾರಾದರೂ ಹೇಳಬಹುದು ಎಂಬ ಅರ್ಥದ ಮಾತಾಡಿ, ಹದಿನೈದು ಒಂದು ತೆಗೆದುಕೊಳ್ಳಿ, ಇಲ್ಲೇ ಒಡೆದು ತೋರಿಸಿ ಎಂದರು.

ಹುಲುಗಪ್ಪ ಬೋರ್ಡಿನ ಹತ್ತಿರ ಹೋದ. ಹದಿನೈದು ಮೂರು ಮೂರರ ಗುಂಪಾಗುತ್ತದೆ, ಐದೈದರ ಗುಂಪೂ ಆಗುತ್ತದೆ. ಹಾಗಾಗಿ ಮೂರು, ಮೂವತ್ತೇಳು, ನಲವತ್ತೊಂದು, ಇನ್ನೂರ ಎಪ್ಪತ್ತೊಂದು ನಾಲ್ಕೂ ಹೋಗುತ್ತವೆ ಎಂದು ಬರೆದ. ಅವನ್ನೆಲ್ಲ ತೆಗೆದ ಮೇಲೆ ಉಳಿಯುವುದು ಎಷ್ಟು ಎಂದು ಭಾಗಿಸತೊಡಗಿದ. ಸೀಮೆಸುಣ್ಣದ ಸದ್ದು ಹಿಂದಿನ ಸಾಲಿಗೂ ಕೇಳುತ್ತಿತ್ತು. 90090991 ಉಳಿಯಿತು. ಇದನ್ನು ಒಡೆಯುವ ಸಂಖ್ಯೆಯಲ್ಲಿ ಒಂದು ಕಳೆದರೆ ಹದಿನೈದರಿಂದ ಭಾಗ ಹೋಗಬೇಕು, ಅಂಥ ಬೆಸಸಂಖ್ಯೆಗಳಲ್ಲಿ ತೀರ ಚಿಕ್ಕದು ಮೂವತ್ತೊಂದು, ಅದರಿಂದಲೇ ಶುರು ಮಾಡೋಣ ಎಂದ. ಮೊದಲ ಏಟಿಗೇ ಅದು ಸರಿಯಾಗಿ ಹೋಯಿತು. ಉತ್ತರ 2906161 ಬಂತು. ಮುಂದಿನದಕ್ಕೆ ಕೈಹಾಕುವಷ್ಟರಲ್ಲಿ ಪ್ರಾಧ್ಯಾಪಕರು ತಮ್ಮ ಫೋನಿನಲ್ಲಿ ನೋಡಿ, ಸಾಕು, ಅದು ಇನ್ನು ಒಡೆಯುವುದಿಲ್ಲ ಎಂದರು. ಅವರೇ ಎದ್ದು ಬಂದು ತಮ್ಮ ಕೊರಳಿನ ಹಾರ ತೆಗೆದು ಅವನ ಕೊರಳಿಗೆ ಹಾಕಿದರು. ಸಭೆಯಲ್ಲಿ ಎದ್ದ ಚಪ್ಪಾಳೆ ಬೇಗ ನಿಲ್ಲಲಿಲ್ಲ.

ಗಾಳೆಮ್ಮನೂ ಮಾತಾಡಬೇಕೆಂದು ಹುಡುಗಿಯರು ಹಟ ಹಿಡಿದರು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾ ಬರೇ ಇಪ್ಪತ್ತೆರಡು ಕೂಡಿಸೀನ್ರಿ" ಎಂದಳು. "ಒಂಬೈನೂರ ಎಂಬತ್ತಮೂರು ಸಲ ಕೂಡಿಸೀನಿ. ಒಂದು ಸಲಾನೂ ತಪ್ಪಿಲ್ಲ."

ಪಲ್ಲವಿ ಅಲ್ಲೇ ಕೂತು ಲೆಕ್ಕ ಹಾಕಿದಳು. ಇಪ್ಪತ್ತಮೂರರಿಂದ 21649ಕ್ಕೆ ಮುಟ್ಟಲು ಇಪ್ಪತ್ತೆರಡನ್ನು ಸರಿಯಾಗಿ ಒಂಬೈನೂರ ಎಂಬತ್ತಮೂರು ಸಲ ಕೂಡಿಸಬೇಕಿತ್ತು. ಇಷ್ಟು ವರ್ಷವೂ ಗಾಳೆಮ್ಮ ಅದನ್ನು ಮರೆತಿರಲಿಲ್ಲ; ಹುಲುಗಪ್ಪನಿಗೇ ಅದು ಗೊತ್ತಿರಲಿಲ್ಲ. ಅವನು ಹೆಂಡತಿಯ ಮುಖವನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ.

ಸಂಕ್ರಾಂತಿ ಕಳೆದ ಮೇಲೆ ಕಾಲೇಜಿನವರು ಪ್ರತಿ ಶನಿವಾರ ಒಂದು ಗಂಟೆಯ ತರಗತಿಯನ್ನು ಹುಲುಗಪ್ಪನಿಗೆ ಬಿಟ್ಟುಕೊಟ್ಟರು. ಯಾಕೆ ಎಂಬುದನ್ನು ಪಲ್ಲವಿ ಹೇಳುತ್ತಾಳೆ, ಹೇಗೆ ಎಂಬುದನ್ನು ಅವನು ಮಾಡಿಸುತ್ತಾನೆ. ತನ್ನ ನಿಯಮದ ಕಾರಣವನ್ನು ಅವನು ತಿಳಿದುಕೊಂಡದ್ದೂ ಅಲ್ಲಿಯೇ, ಮುಂದಿನ ಬೆಂಚಿನಲ್ಲಿ ವಿದ್ಯಾರ್ಥಿಗಳ ಮಧ್ಯೆ ಕೂತು, ಮೂರು ಸಲ ಹೇಳಿಸಿಕೊಂಡು. ಮೊದಲ ಶನಿವಾರ ಬಂದವರು ಒಂಬತ್ತು ಜನ. ಎರಡನೆಯ ವಾರ ಇಪ್ಪತ್ತು ದಾಟಿದರು. ಮೂರನೆಯ ವಾರ ಬೆಂಚುಗಳು ಸಾಲದೆ, ಹನುಮೇಶ್ ಊಟದ ಹಾಲಿನಿಂದ ಕುರ್ಚಿ ಹೊರಿಸಿಕೊಂಡು ಬಂದು ತಾನೂ ಒಂದರಲ್ಲಿ ಕೂತ.